ಫಿಲ್ಟರ್ ಡಬ್ಬಿ ಕಿತ್ತರೆ ಪಿಕಪ್ ಬರುತ್ತದೆಯೇ?

ಕಂಪನಿ ಕೊಟ್ಟ ಏರ್ ಫಿಲ್ಟರ್ ಡಬ್ಬಿ ಕಿತ್ತು, ತೆರೆದ ಕೋನ್ ಫಿಲ್ಟರ್ ಕೂರಿಸುವ ಗೀಳು ಹಳ್ಳಿಯ ಹುಡುಗರಿಗೂ ಹತ್ತಿದೆ. ಸದ್ದು ಜೋರಾಗುತ್ತದೆ, ನಿಜ. ಪಿಕಪ್ ಬರುತ್ತದೆ ಎಂಬುದನ್ನು ನಾವು ಒಪ್ಪುವುದಿಲ್ಲ.

ಎಂಜಿನ್‌ಗೆ ಬೇಕಿರುವುದು ತಣ್ಣನೆಯ ಗಾಳಿ. ಬಿಸಿಯಾದಷ್ಟೂ ಗಾಳಿ ತೆಳುವಾಗಿ ಆಮ್ಲಜನಕ ಕಡಿಮೆ ಸಿಗುತ್ತದೆ. 35 ಡಿಗ್ರಿಯ ಗಾಳಿ 65ಕ್ಕೆ ಏರಿದರೆ ನೂರಕ್ಕೆ ಸುಮಾರು 9ರಷ್ಟು ನಷ್ಟ. ಕಂಪನಿ ಡಬ್ಬಿಯ ಕೊಳವೆ ಸಾಮಾನ್ಯವಾಗಿ ಹೊರಗಿನ ಗಾಳಿ ಎಳೆಯುತ್ತದೆ. ತೆರೆದ ಫಿಲ್ಟರ್ ಎಂಜಿನ್ ಪಕ್ಕದ ಬಿಸಿಗಾಳಿಯನ್ನೇ ಎಳೆಯುತ್ತದೆ.

ವಾಷರ್ ಕೊಟ್ಟು ಬಾನೆಟ್ಟಿನ ಹಿಂಬದಿ ಎತ್ತುವವರೂ ಇದ್ದಾರೆ. ಗಾಡಿ ನಿಂತಾಗ ಬಿಸಿ ಹೊರಹೋದೀತು. ವೇಗವಾಗಿ ಓಡುವಾಗ ಮುಂದಿನ ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚು. ಆ ಸಂದಿಯಿಂದ ಗಾಳಿ ಒಳಕ್ಕೇ ನುಗ್ಗಬಹುದು.

ರೇಸ್ ಕಾರಿನಲ್ಲಿ ಮಾಡುತ್ತಾರಲ್ಲ ಎನ್ನುತ್ತೀರಾ? ಅಲ್ಲಿ ಫಿಲ್ಟರಿಗೆ ಬಿಸಿ ತಾಗದಂತೆ ಮರೆ ಕಟ್ಟಿ, ಹೊರಗಾಳಿ ಕೊಟ್ಟು, ಶಕ್ತಿ ಅಳೆದು ನೋಡುತ್ತಾರೆ. ನಮ್ಮದು ಮಣ್ಣಿನ ರಸ್ತೆ. ಕಳಪೆ ಫಿಲ್ಟರ್ ದಾಟಿ ಹೋದ ಧೂಳು ಪಿಸ್ಟನ್ ರಿಂಗ್ ಸವೆಸುತ್ತದೆ. ಸಾಲ ಮಾಡಿ ಬಾಡಿಗೆಗೆ ಓಡಿಸುವವರು ಎಂಜಿನ್ ಬಿಚ್ಚಿಸಿದರೆ ಆ ತಿಂಗಳ ಕಂತು ಕಟ್ಟುವುದು ಹೇಗೆ?

ಆ ಹಣದಲ್ಲಿ ಹೊಸ ಪೇಪರ್ ಫಿಲ್ಟರ್ ಹಾಕಿಸಿ. ರೇಡಿಯೇಟರಿಗೆ ಅಂಟಿದ ಹೊಟ್ಟು, ಧೂಳು ತೊಳೆಸಿ. ಕೂಲೆಂಟ್ ನೋಡಿಸಿ. ಕುಂದಿದ ಪಿಕಪ್ ಮರಳಲು ಎಷ್ಟೋ ಸಲ ಇಷ್ಟೇ ಸಾಕು.