ಹೊರಗೆ ಹೋದವರು ಯಾರು?

ಕೊಯಮತ್ತೂರಿನ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಈಚೆಗೆ ನಡೆದ ನಾಮಕರಣದಂದು, ಪಂಕ್ತಿಯ ಊಟ ಮುಗಿದು ತಾಂಬೂಲದ ತಟ್ಟೆ ಬರುವಷ್ಟರಲ್ಲಿ ಮಾತು ನಟ ದರ್ಶನರ ಮೇಲೆ ಹೊರಳಿತು. ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಚಾಮರಾಜನಗರದಿಂದ ಬಂದಿದ್ದ ನೆಂಟರದು ಒಂದು ಪಕ್ಷ, ಇಲ್ಲಿಯವರಾದ ನಮ್ಮದು ಇನ್ನೊಂದು. ಚಿತ್ರದುರ್ಗದ ಯುವಕನೊಬ್ಬನ ಕೊಲೆಯ ಪ್ರಕರಣದಲ್ಲಿ 2024ರ ಜೂನ್ ತಿಂಗಳಿನಲ್ಲಿ ಅವರ ಬಂಧನವಾದದ್ದು, ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಜಾಮೀನು ನೀಡಿದ್ದು, 2025ರ ಆಗಸ್ಟ್ 14ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿದ್ದು ಎಲ್ಲರಿಗೂ ತಿಳಿದ ವಿಷಯವೇ. ಆರೋಪ ನಿಜವೋ ಸುಳ್ಳೋ ಎಂಬ ತೀರ್ಮಾನ ನ್ಯಾಯಾಲಯಕ್ಕೆ ಸೇರಿದ್ದು. ಅಡಿಕೆ ಅಗಿಯುತ್ತ ಕುಳಿತವರಿಗೆ ಸೇರಿದ್ದಲ್ಲ. ಆದರೂ ಒಂದು ಗಂಟೆಯ ಕಾಲ ನಾವೆಲ್ಲರೂ ನ್ಯಾಯಾಧೀಶರಾದೆವು.

ಅಷ್ಟರಲ್ಲಿ ಎಲೆ ತೆಗೆಯುತ್ತಿದ್ದ ಹೆಣ್ಣುಮಗಳೊಬ್ಬಳು, "ಆಗ ಆ ನಿಕಿತಾ ಅನ್ನುವವರನ್ನು ಹೊರಗೆ ಹಾಕಿದ್ದರಲ್ಲ, ಅವರು ಏನಾದರು?" ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಮರೆತ ವಾಚಕರಿಗಾಗಿ ಆ ಸಂಗತಿಯನ್ನು ಇಲ್ಲಿ ನೆನಪಿಸುತ್ತೇವೆ. 2011ರ ಸೆಪ್ಟೆಂಬರಿನಲ್ಲಿ ಪತ್ನಿಯ ಮೇಲೆ ಹಲ್ಲೆ ನಡೆಸಿದರೆಂಬ ದೂರಿನ ಮೇರೆಗೆ ಇದೇ ನಟರು ಸೆರೆಮನೆಗೆ ಹೋದರು. ಕನ್ನಡ ಚಲನಚಿತ್ರ ನಿರ್ಮಾಪಕರ ಸಂಘವು ಆಗ ಮೂರು ವರ್ಷಗಳ ಕಾಲ ಬಹಿಷ್ಕರಿಸಿದ್ದು ಯಾರನ್ನು? ಆ ದಾಂಪತ್ಯದ ಒಡಕಿಗೆ ಕಾರಣಳೆಂದು ಆಡಿಕೊಳ್ಳಲ್ಪಟ್ಟ ನಟಿ ನಿಕಿತಾ ಅವರನ್ನು! ಎಲ್ಲೆಡೆಯಿಂದ ಆಕ್ಷೇಪಣೆ ಬಂದ ಬಳಿಕ ಬಹಿಷ್ಕಾರವನ್ನು ಹಿಂತೆಗೆದುಕೊಳ್ಳಲಾಯಿತೆಂಬುದು ನಿಜ. ಆದರೆ ನಾಯಕನು ಬಂಧನದಲ್ಲಿದ್ದಾಗಲೇ, ಅದೇ ಸೆಪ್ಟೆಂಬರ್ 30ರಂದು ತೆರೆಕಂಡ 'ಸಾರಥಿ' ಚಿತ್ರವು ಭಾರಿ ಯಶಸ್ಸನ್ನು ಗಳಿಸಿತು. ಆ ಯಶಸ್ಸಿಗೆ ಹಣ ತೆತ್ತವರಲ್ಲಿ ನಾವೂ ಒಬ್ಬರು. ಚಾಮರಾಜನಗರಕ್ಕೆ ಮದುವೆಗೆ ಹೋದವರು ಮಕ್ಕಳನ್ನು ಕರೆದುಕೊಂಡು ನೋಡಿಬಂದೆವು. ಗಡಿಯಾಚೆ ಇರುವವರಿಗೆ ಕನ್ನಡ ಚಿತ್ರವೆಂದರೆ ತವರಿನ ಪತ್ರವಿದ್ದ ಹಾಗೆ. ಬರೆದವರ ನಡತೆಯನ್ನು ವಿಚಾರಿಸಲು ಮನಸ್ಸು ಒಪ್ಪುವುದಿಲ್ಲ.

ಆ ಹೆಣ್ಣುಮಗಳ ಪ್ರಶ್ನೆ ನಮ್ಮನ್ನು ಚುಚ್ಚಿದ್ದಕ್ಕೆ ಬೇರೊಂದು ಕಾರಣವೂ ಉಂಟು. ಕೆಲವು ವರ್ಷಗಳ ಹಿಂದೆ ಆಕೆ ತಿರುಪ್ಪೂರಿನ ಒಂದು ಹೊಲಿಗೆ ಘಟಕದಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಮೇಲ್ವಿಚಾರಕನ ಮಾತು ಕೈಗಳೆರಡೂ ಹದ್ದು ಮೀರುತ್ತಿದ್ದುವೆಂದು ತಾಯಿಯ ಬಳಿ ಅತ್ತಳು. ತಾಯಿ ನಮ್ಮನ್ನು ಕೇಳಲು ಬಂದರು. ಊರಿಗೆಲ್ಲ ಬುದ್ಧಿ ಹೇಳುವ ಅಂಕಣವನ್ನು ಬರೆಯುವ ನಾವು ಕೊಟ್ಟ ಸಲಹೆಯಿಷ್ಟೇ: "ಮದುವೆಯಾಗಬೇಕಾದ ಹುಡುಗಿ, ಮಾತು ನಾಲ್ಕು ಜನರ ಕಿವಿಗೆ ಬೀಳುವುದು ಬೇಡ. ಕೆಲಸ ಬಿಡಿಸಿಬಿಡಿ." ಆಕೆ ಬಿಟ್ಟಳು. ನಿರ್ಮಾಪಕರ ಸಂಘ ಮಾಡಿದ್ದಕ್ಕೂ ನಾವು ಮಾಡಿದ್ದಕ್ಕೂ ಏನು ವ್ಯತ್ಯಾಸವೆಂದು ಆ ದಿನ ರಾತ್ರಿ ಬಹಳ ಹೊತ್ತು ಯೋಚಿಸಿದೆವು.

ನಮ್ಮ ಜನ ನೂಲು ಮಗ್ಗಗಳನ್ನು ನಂಬಿ ಬದುಕಿದವರು. ಕೊಳ್ಳೇಗಾಲವು 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ದೇವಾಂಗರು ಮಗ್ಗದ ಜೊತೆಗೆ ಕನ್ನಡವನ್ನೂ ಈ ಸೀಮೆಯಲ್ಲಿ ಉಳಿಸಿಕೊಂಡರು. ಮಗ್ಗ ಮನೆಯೊಳಗಿದ್ದಾಗ ಹೆಂಗಸರ ದುಡಿಮೆಯೂ ಮನೆಯೊಳಗೇ ಇತ್ತು. ಈಗ ಅದು ಗಿರಣಿಗೂ ಬನಿಯನ್ ಕಾರ್ಖಾನೆಗೂ ಹೋಗಿದೆ. ಮೂರು ವರ್ಷ ದುಡಿದರೆ ಮದುವೆಯ ಖರ್ಚಿಗೆ ಇಡಿಗಂಟು ಕೊಡುತ್ತೇವೆಂದು ಹಳ್ಳಿಯ ಹುಡುಗಿಯರನ್ನು ಕರೆತಂದು ಗಿರಣಿಯ ವಸತಿಗೃಹಗಳಲ್ಲಿ ಕೂಡಿಹಾಕುತ್ತಿದ್ದ ಯೋಜನೆಗೆ ಇಟ್ಟ ಹೆಸರು 'ಸುಮಂಗಲಿ'! ಹೆಸರಿಡುವ ಜಾಣ್ಮೆಗೆ ಕೊರತೆಯಿರಲಿಲ್ಲ.

2021ರ ಜನವರಿಯಲ್ಲಿ ದಿಂಡಿಗಲ್ ಜಿಲ್ಲೆಯ ಉಡುಪು ಕಾರ್ಖಾನೆಯೊಂದರ ದಲಿತ ಯುವತಿಯ ಕೊಲೆಯಾಯಿತು. ಆಕೆಯ ಮೇಲ್ವಿಚಾರಕನನ್ನು ಪೊಲೀಸರು ಬಂಧಿಸಿದರು. ಆ ಕಾರ್ಖಾನೆ ತಿರುಪ್ಪೂರಿನ ರಫ್ತು ಸಂಸ್ಥೆಯೊಂದಕ್ಕೆ ಸೇರಿದ್ದು. ಹೆಂಗಸರೇ ಮುನ್ನಡೆಸುವ ಒಂದು ಕಾರ್ಮಿಕ ಸಂಘವು ಪಟ್ಟು ಹಿಡಿದ ಫಲವಾಗಿ, 2022ರ ಏಪ್ರಿಲಿನಲ್ಲಿ ಕಾರ್ಖಾನೆಯ ಒಡೆಯರೂ ಬಟ್ಟೆ ಕೊಳ್ಳುವ ವಿದೇಶಿ ಕಂಪನಿ ಎಚ್ ಅಂಡ್ ಎಮ್ ಕೂಡ ಒಡಂಬಡಿಕೆಗೆ ಸಹಿ ಹಾಕಬೇಕಾಯಿತು. ಯಂತ್ರದ ಮುಂದೆ ಕುಳಿತ ಕಾರ್ಮಿಕ ಹೆಂಗಸರಲ್ಲೇ ಕೆಲವರಿಗೆ ತರಬೇತಿ ಕೊಟ್ಟು, ಕಿರುಕುಳವನ್ನು ಗಮನಿಸಿ ವರದಿ ಮಾಡುವ ಹೊಣೆಯನ್ನು ಅದರಲ್ಲಿ ಒಪ್ಪಿಸಲಾಯಿತು. ತಾಂಬೂಲದ ಸುತ್ತ ಕುಳಿತ ನಮ್ಮಲ್ಲಿ ಒಬ್ಬರಿಗೂ ಈ ಸಂಗತಿ ಗೊತ್ತಿರಲಿಲ್ಲ. ನಟರು ಸೆರೆಮನೆಯಲ್ಲಿ ಕುಡಿದ ಕಾಫಿಯ ವಿಷಯ ಎಲ್ಲರಿಗೂ ಗೊತ್ತಿತ್ತು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇವೆ. ರಾಜಸ್ಥಾನದಲ್ಲಿ ಬಾಲ್ಯವಿವಾಹವನ್ನು ತಡೆಯಲು ಹೋಗಿ 1992ರಲ್ಲಿ ಅತ್ಯಾಚಾರಕ್ಕೊಳಗಾದ ಗ್ರಾಮ ಕಾರ್ಯಕರ್ತೆ ಭಂವರಿ ದೇವಿಯ ಪ್ರಕರಣದಿಂದ 1997ರ 'ವಿಶಾಖಾ' ತೀರ್ಪು ಬಂತು. ಅದರಿಂದ 2013ರ ಕಾಯಿದೆ. ಹತ್ತು ಮಂದಿ ದುಡಿಯುವ ಪ್ರತಿಯೊಂದು ಸ್ಥಳದಲ್ಲಿಯೂ ಮಹಿಳೆಯ ಅಧ್ಯಕ್ಷತೆಯ ಸಮಿತಿಯಿರಬೇಕು. ಅದಕ್ಕಿಂತ ಕಡಿಮೆಯಿದ್ದರೆ, ಅಥವಾ ದೂರು ಒಡೆಯನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಮನೆಗೆಲಸದವರಿಗೂ ಈ ಹಕ್ಕುಂಟು. ದೂರಿಗೆ ಮೂರು ತಿಂಗಳ ಗಡುವು, ಕಾರಣವಿದ್ದರೆ ಇನ್ನೂ ಮೂರು. ಬರೆಯಲು ಬಾರದವಳಿಗೆ ಬರೆದುಕೊಡಲು ಸಮಿತಿಯೇ ನೆರವಾಗಬೇಕು. ಹೆಸರನ್ನು ಬಹಿರಂಗಪಡಿಸುವಂತಿಲ್ಲ. ನಮ್ಮ ಕಣ್ಣು ತೆರೆಸಿದ ಅಂಶವೆಂದರೆ, ವಿಚಾರಣೆ ನಡೆಯುವಾಗ ಆಕೆ ಕೇಳಿಕೊಂಡರೆ ಆರೋಪಿಯನ್ನೇ ಬೇರೆಡೆಗೆ ವರ್ಗಾಯಿಸುವಂತೆ ಸಮಿತಿ ಸೂಚಿಸಬಹುದು. ಕೆಲಸ ಬಿಡಬೇಕಾದವಳು ಅವಳೇ ಎಂದು ಕಾಯಿದೆ ಎಲ್ಲಿಯೂ ಹೇಳಿಲ್ಲ. ಹೇಳಿದವರು ನಾವು.

ಸುಳ್ಳು ದೂರುಗಳು ಬಂದರೇನು ಗತಿ ಎಂದು ಹಿರಿಯರು ಕೇಳುತ್ತಾರೆ. ದುರುದ್ದೇಶದ ದೂರಿಗೆ ಅದೇ ಕಾಯಿದೆಯಲ್ಲಿ ಶಿಸ್ತುಕ್ರಮವಿದೆ. ಸಾಕ್ಷಿ ಒದಗಿಸಲಾಗಲಿಲ್ಲವೆಂಬ ಮಾತ್ರಕ್ಕೆ ಮಾತ್ರ ದೂರು ಸುಳ್ಳಾಗದು. ಈ ಭಯವನ್ನು ಮುಂದೆ ಮಾಡುವ ಹಿರಿಯರು ತಮ್ಮ ಕಾರ್ಖಾನೆಯಲ್ಲಿ ಸಮಿತಿಯಿದೆಯೇ ಎಂಬುದನ್ನು ಮೊದಲು ವಿಚಾರಿಸಲಿ. ದೊಡ್ಡವರ ಲೋಕದಲ್ಲಿಯೂ ಇದೇ ಕಥೆ. ಮಲಯಾಳ ಚಿತ್ರರಂಗದ ಹೆಂಗಸರ ಸ್ಥಿತಿಗತಿಯ ಕುರಿತು ನ್ಯಾಯಮೂರ್ತಿ ಹೇಮಾ ಸಮಿತಿ 2019ರ ಡಿಸೆಂಬರಿನಲ್ಲಿ ಕೊಟ್ಟ ವರದಿ ಜನರ ಕೈಗೆ ಬಂದದ್ದು 2024ರ ಆಗಸ್ಟಿನಲ್ಲಿ. ಅಂಥದೇ ಸಮಿತಿ ಕನ್ನಡಕ್ಕೂ ಬೇಕೆಂದು 'ಫೈರ್' ಸಂಸ್ಥೆಯ ಕಲಾವಿದರು ಆ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿಗಳನ್ನು ಕೇಳಿದರು.

ನಾಮಕರಣದ ಮರುದಿನ ಆಕೆಯನ್ನು ಕಂಡು, ಅಂದು ನಾವು ಕೊಟ್ಟ ಸಲಹೆ ತಪ್ಪೆಂದು ಹೇಳಿದೆವು. ಆಕೆ ಕೋಪಿಸಿಕೊಳ್ಳಲಿಲ್ಲ. ಈಗ ಅವಿನಾಶಿಯ ಕಡೆ ಬೇರೊಂದು ಘಟಕಕ್ಕೆ ಎರಡು ಬಸ್ಸು ಬದಲಾಯಿಸಿ ಹೋಗುತ್ತಾಳೆ. ಸಂಬಳವೂ ಹಿಂದಿಗಿಂತ ಕಡಿಮೆ. ಮಹಿಳಾ ಸಹಾಯವಾಣಿ 181ರ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಡಲು ಹೋದರೆ, ತನಗದು ಬಾಯಿಪಾಠವಾಗಿದೆಯೆಂದಳು. ಆ ಮೇಲ್ವಿಚಾರಕನು ಏನಾದನೆಂದು ಕೇಳಿದೆವು. ಅಲ್ಲಿಯೇ ಇದ್ದಾನಂತೆ. ಅವಳ ಯಂತ್ರಕ್ಕೆ ಒಡಿಶಾದಿಂದ ಬಂದ ಹುಡುಗಿಯೊಬ್ಬಳು ಕುಳಿತಿದ್ದಾಳಂತೆ. ಅವಳಿಗೆ ತಮಿಳೂ ಬಾರದಂತೆ.