ನಾಕೆಯ ಲೆಕ್ಕ

ಧಾರವಾಡದಿಂದ ಹುಬ್ಬಳ್ಳಿಗೆ ಬರುವ ಹಳೆಯ ಹೆದ್ದಾರಿಯಲ್ಲಿ ‘ಟೋಲ್ ನಾಕಾ’ ಎಂಬುದೊಂದು ನಿಲ್ದಾಣವುಂಟು. ಅಲ್ಲಿ ಈಗ ಸುಂಕ ಕೊಡುವವರೂ ಇಲ್ಲ, ಕೊಳ್ಳುವವರೂ ಇಲ್ಲ. ಅಡ್ಡಗಂಬ ಹೋಯಿತು, ಹೆಸರು ಉಳಿಯಿತು. ಆದರೆ ಒಳದಾರಿಯನ್ನು ಬಿಟ್ಟ ನಾಕೆಯು ಹೊರದಾರಿಯಾದ ಬೈಪಾಸಿನಲ್ಲಿ ಬೇರೂರಿದುದನ್ನು ನಮ್ಮ ವಾಚಕರೆಲ್ಲರೂ ಬಲ್ಲರು.

ದಾರಿಯ ಸುಂಕವು ನಮ್ಮ ನಾಡಿಗೆ ಹೊಸತೇನಲ್ಲ. ಚಾಲುಕ್ಯರ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳಗಳ ಹೆಸರು ಹೆಜ್ಜೆಹೆಜ್ಜೆಗೆ ಬರುತ್ತದೆ. ಆ ಉತ್ಪನ್ನದ ಪಾಲನ್ನು ದೇಗುಲಕ್ಕೆ ದತ್ತಿಯಿತ್ತಾಗ ಅದನ್ನು ಕಲ್ಲಿನಲ್ಲಿ ಕೊರೆಯಿಸಿ ಹೋಗಬರುವವರ ಕಣ್ಣಿಗೆ ಬೀಳುವಂತೆ ನಿಲ್ಲಿಸುತ್ತಿದ್ದರು. ಮುಂದೆ ಆಂಗ್ಲರ ಕಾಲದಲ್ಲಿ ಈ ಭಾಗದ ಹತ್ತಿಯು ಚಕ್ಕಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರಕ್ಕೆ ಹೋಗುತ್ತಿತ್ತು. ಅಮೇರಿಕೆಯ ಅಂತರ್ಯುದ್ಧದಿಂದ (೧೮೬೧–೬೫) ಲಂಕಾಶೈರಿನ ಗಿರಣಿಗಳಿಗೆ ಹತ್ತಿಯ ಬರ ಬಂದೊಡನೆ ನಮ್ಮ ರಸ್ತೆಗಳ ಮೇಲೆ ಸರಕಾರದ ಪ್ರೀತಿ ಉಕ್ಕಿತು! ೧೮೭೫ರಲ್ಲಿ ಮುಂಬಯಿ ಇಲಾಖೆಯಲ್ಲಿ ರಸ್ತೆ-ಸೇತುವೆಗಳ ಸುಂಕದ ಕಾನೂನು ಹುಟ್ಟಿತು. ವಸೂಲಿಯನ್ನು ಲಿಲಾವಿನಿಂದ ಗುತ್ತಿಗೆ ಕೊಡಲು ಅದರಲ್ಲಿ ಅವಕಾಶವಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಫಲ?

ಇಂಗ್ಲಂಡದಲ್ಲಿಯೂ ೧೬೬೩ರಿಂದ ಇಂಥ ಕಟ್ಟೆಗಳಿದ್ದವು. ೧೮೩೯ರಿಂದ ೧೮೪೩ರ ವರೆಗೆ ವೇಲ್ಸಿನ ರೈತರು ಹೆಂಗಸರ ವೇಷ ತೊಟ್ಟು ರಾತ್ರೋರಾತ್ರಿ ಅವುಗಳನ್ನು ಮುರಿದರು. ೧೮೯೫ರಲ್ಲಿ ಕಟ್ಟಕಡೆಯದೂ ಹೋಯಿತು. ನಮ್ಮಲ್ಲಿಯೂ ೧೯೨೯ರಲ್ಲಿ ಪೆಟ್ರೋಲಿನ ಮೇಲೆ ರಸ್ತೆಯ ಸಲುವಾಗಿ ಹೆಚ್ಚಿನ ಕರ ಬಂದಿತು. ೧೯೩೫ರಲ್ಲಿ ಮುಂಬಯಿ ಇಲಾಖೆಯ ಮೋಟಾರು ತೆರಿಗೆಯ ಕಾನೂನು ಬಂದಿತು. ಇಂದು ವಾಹನ ಕೊಳ್ಳುವಾಗ ರಸ್ತೆ ತೆರಿಗೆ, ಎಣ್ಣೆ ತುಂಬಿಸುವಾಗ ಉಪಕರ, ಇವೆರಡೂ ಇದ್ದು, ದಾರಿ ನಡೆಯುವಾಗ ಮತ್ತೆ ಸುಂಕ.

ಇಷ್ಟು ಕೊಟ್ಟು ನಾವು ಪಡೆದುದೇನು? ಪುಣೆ-ಬೆಂಗಳೂರು ಹೆದ್ದಾರಿಯು ಆಚೆಗೂ ಈಚೆಗೂ ನಾಲ್ಕು ಪಥಗಳದ್ದಾಗಿರಲು, ನರೇಂದ್ರದಿಂದ ಗಬ್ಬೂರಿನ ವರೆಗೆ ಸುಮಾರು ೩೦ ಕಿಲೋಮೀಟರು ಮಾತ್ರ ವರ್ಷಾನುಗಟ್ಟಲೆ ಎರಡೇ ಪಥ. ಎದುರುಬದುರು ಬರುವ ವಾಹನಗಳ ನಡುವೆ ಒಂದು ಬಣ್ಣದ ಗೆರೆಯೇ ಗತಿ. ೨೦೨೧ರ ಜನವರಿ ೧೫ರಂದು, ಸಂಕ್ರಾಂತಿಯ ಮರುದಿನ, ದಾವಣಗೆರೆಯಿಂದ ಗೋವೆಗೆ ಹೊರಟ ಗೆಳತಿಯರ ವಾಹನವು ಇಟಿಗಟ್ಟಿಯ ಹತ್ತಿರ ಟಿಪ್ಪರಿಗೆ ಸಿಕ್ಕು ಹತ್ತಕ್ಕೂ ಮಿಕ್ಕಿ ಜನ ಮಡಿದರು. ಅಗಲೀಕರಣದ ಮಾತಿಗೆ ಬಿಸಿ ಬಂದುದು ಆ ಮೇಲೆ. ಹಣ ಪಡೆದ ದಾರಿಯ ಹೊಣೆಯನ್ನು ಹೆಣಗಳು ನೆನಪಿಸಿಕೊಡಬೇಕಾಯಿತೆಂದರೆ ನಾಡಿನ ಆಡಳಿತಕ್ಕೆ ಅದು ಶೋಭೆಯಲ್ಲ.

ಸುಂಕ ತಪ್ಪಿಸಲು ಊರೊಳಗಿನ ದಾರಿ ಹಿಡಿಯುವ ಲಾರಿಯವರನ್ನು ಹಳಿಯುವುದು ಸುಲಭ. ಸಂಸ್ಕೃತದಲ್ಲಿ ಘಟ್ಟಕುಟೀಪ್ರಭಾತನ್ಯಾಯವೆಂಬುದುಂಟು: ಸುಂಕಕ್ಕೆ ಅಂಜಿ ಇರುಳೆಲ್ಲ ಅಡ್ಡದಾರಿಯಲ್ಲಿ ಅಲೆದವನು ಬೆಳಗಾಗುವಾಗ ಸುಂಕದ ಕಟ್ಟೆಯ ಮುಂದೆಯೇ ನಿಂತಿದ್ದನಂತೆ. ನಮ್ಮ ಊರಿನಲ್ಲಿ ಅಲೆದಾಟದ ವೆಚ್ಚ ಬೀಳುವುದು ಲಾರಿಯವನ ಮೇಲಲ್ಲ. ಶಾಲೆಗೆ ಹೋಗುವ ಮಕ್ಕಳ ಮೇಲೆ, ಪೌರರ ನಿದ್ರೆಯ ಮೇಲೆ.

ಖಾಸಗಿ ಬಂಡವಾಳ ಹಾಕಿ ದಾರಿ ಕಟ್ಟಿದವನು ಅದನ್ನು ನ್ಯಾಯವಾದ ಬಡ್ಡಿಯೊಡನೆ ಮರಳಿ ಪಡೆಯಬಾರದೆಂದು ನಾವು ಹೇಳುವವರಲ್ಲ. ಎಷ್ಟು ಹಾಕಿದ, ಎಷ್ಟು ಬಂದಿತು, ಎಷ್ಟು ಉಳಿಯಿತು ಎಂಬುದು ಕೊಡುವವನಿಗೆ ತಿಳಿಯಬೇಕು. ೨೦೨೧ರ ಫೆಬ್ರುವರಿಯಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿದೆ. ಅದರ ಮೂಲಕ ಬಂದ ಪ್ರತಿಯೊಂದು ರೂಪಾಯಿಯೂ ಯಂತ್ರದ ದಪ್ತರದಲ್ಲಿ ಬಿದ್ದಿರುತ್ತದೆ. ಆದುದರಿಂದ ಲೆಕ್ಕ ಸಿಕ್ಕಲಿಲ್ಲವೆಂಬ ನೆವಕ್ಕೆ ಎಡೆಯಿಲ್ಲ. ದರದ ಫಲಕವನ್ನು ಹಾಕಲು ಬರುವ ಅಧಿಕಾರಿಗಳಿಗೆ ಅದರ ಪಕ್ಕದಲ್ಲಿ ಜಮಾ-ಖರ್ಚಿನ ಇನ್ನೊಂದು ಫಲಕ ಹಾಕುವುದು ಕಷ್ಟವೇ? ಅದು ತಿಂಗಳಿಗೊಮ್ಮೆ ಬದಲಾಗಲಿ; ಅಕ್ಷರಗಳು ದೊಡ್ಡವಿರಲಿ; ಮೊದಲು ಕನ್ನಡದಲ್ಲಿರಲಿ.