ವಿಎ ಓದಿದೆವು, ವ್ಯಾಟ್ ಓದಲಿಲ್ಲ

ಈ ಸಲದ ಅಭ್ಯಾಸ ಬೋಧನೆಯಲ್ಲಿ ಭೌತವಿಜ್ಞಾನದ ಪ್ರಶಿಕ್ಷಣಾರ್ಥಿಯೊಬ್ಬರು ಬರಿಗೈಯಲ್ಲಿ ತರಗತಿಗೆ ಬಂದರು. ಹತ್ತನೆಯ ತರಗತಿಗೆ ವಿದ್ಯುಚ್ಛಕ್ತಿಯ ಪಾಠ. ಅದಕ್ಕಾಗಿ ಎರಡು ರಾತ್ರಿ ಕುಳಿತು ಸಿದ್ಧಪಡಿಸಿದ ವಿಡಿಯೋ ಹಾಳಾಗಿತ್ತು. “ಕರೆಂಟ್ ಹೋಯ್ತು ಸರ್. ಯುಪಿಎಸ್ ಇತ್ತು, ಆದರೂ ಕಂಪ್ಯೂಟರ್ ತಕ್ಷಣ ಆಫ್ ಆಯ್ತು” ಎಂದರು. ನಾನು ನಂಬಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ‘ಪೂರ್ವಸಿದ್ಧತೆ ಸಾಲದು’ ಎಂದು ಬರೆದೆ. ಆ ಷರಾ ತಪ್ಪಾಗಿತ್ತು ಎಂದು ಹೇಳುವುದಕ್ಕೇ ಈ ಬರಹ.

ಮರುದಿನ ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಮನೆಯ ಯುಪಿಎಸ್ ಹಳೆಯದು; ಲೇಬಲ್ ಮೇಲೆ 600 ವಿಎ, ಕೆಳಗೆ ಸಣ್ಣ ಅಕ್ಷರದಲ್ಲಿ 360 ವ್ಯಾಟ್. ಹಳೆಯ ಕಂಪ್ಯೂಟರ್ ಮಾನಿಟರ್ ಸೇರಿ ನೂರು ವ್ಯಾಟ್ ಆಸುಪಾಸು ಎಳೆಯುತ್ತಿದ್ದಾಗ ತೊಂದರೆ ಇರಲಿಲ್ಲ. ಅವರ ತಮ್ಮ ಈಚೆಗೆ ಅದಕ್ಕೆ ಹೊಸ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದ. ಪೂರ್ಣ ಕೆಲಸದಲ್ಲಿ ಕಾರ್ಡಿಗೆ 170, ಪ್ರೊಸೆಸರ್‌ಗೆ 90, ಉಳಿದ ಭಾಗಗಳಿಗೆ 40: ಒಟ್ಟು 300 ವ್ಯಾಟ್. ಪವರ್ ಸಪ್ಲೈನ ದಕ್ಷತೆ ಶೇ. 85 ಎಂದರೂ ಗೋಡೆಯಿಂದ ಎಳೆಯುವುದು ಸುಮಾರು 353. ಮಾನಿಟರ್‌ನ 25 ಸೇರಿಸಿದರೆ 378. ಯುಪಿಎಸ್ ಮಿತಿ 360!

ಕರೆಂಟ್ ಇರುವಾಗ ಇಂಥ ಯುಪಿಎಸ್ ಲೈನಿನ ವಿದ್ಯುತ್ತನ್ನೇ ಮುಂದಕ್ಕೆ ಸಾಗಿಸುವುದರಿಂದ ಈ ಕೊರತೆ ಬೆಳಕಿಗೆ ಬರುವುದಿಲ್ಲ. ಕರೆಂಟ್ ಹೋದ ಕ್ಷಣ ಹೊರೆಯೆಲ್ಲ ಬ್ಯಾಟರಿಯ ಮೇಲೆ ಬೀಳುತ್ತದೆ. ಕಂಪ್ಯೂಟರ್ ಹೆಚ್ಚು ವಿದ್ಯುತ್ ಎಳೆಯುವುದು ವಿಡಿಯೋ ಸಿದ್ಧವಾಗುವಂಥ ಹೊತ್ತಿನಲ್ಲೇ. ಅಂದರೆ ನಮಗೆ ಆಸರೆ ಬೇಕಾದಾಗಲೇ ಅದು ಕೈಕೊಡುತ್ತದೆ.

ವಿದ್ಯುತ್ ಸಾಮರ್ಥ್ಯ ಎಂದರೆ ವಿಭವಾಂತರ ಗುಣಿಸು ವಿದ್ಯುತ್ ಪ್ರವಾಹ ಎಂದು ನಾವು ಬಲ್ಬು, ಇಸ್ತ್ರಿಪೆಟ್ಟಿಗೆಯ ಉದಾಹರಣೆಯಲ್ಲೇ ವರ್ಷಗಳಿಂದ ಕಲಿಸುತ್ತಿದ್ದೇವೆ. ಮೇಜಿನ ಕೆಳಗಿನ ಯುಪಿಎಸ್ ಅದಕ್ಕಿಂತ ಒಳ್ಳೆಯ ಬೋಧನೋಪಕರಣ. 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 84 ವ್ಯಾಟ್-ಗಂಟೆ. 360 ವ್ಯಾಟ್ ಹೊರೆಗೆ ಭಾಗಿಸಿದರೆ 14 ನಿಮಿಷ ಎಂದು ಮಕ್ಕಳು ಉತ್ತರಿಸುತ್ತಾರೆ. ನಿಜದಲ್ಲಿ ಸಿಗುವುದು ಕೆಲವೇ ನಿಮಿಷ. ಯಾಕೆ? ಆ 7ರ ಅಳತೆ ಸಾಮಾನ್ಯವಾಗಿ 20 ಗಂಟೆ ನಿಧಾನವಾಗಿ, 0.35 ಆಂಪಿಯರ್‌ನಂತೆ ಬಳಸಿದಾಗಿನದು. ಇಲ್ಲಿ ಎಳೆಯುವುದು 30 ಆಂಪಿಯರ್‌ಗೂ ಹೆಚ್ಚು. ಸೀಸ-ಆಮ್ಲ ಬ್ಯಾಟರಿಯನ್ನು ಹಾಗೆ ಬರಿದುಮಾಡಿದರೆ ಅದು ಕೊಡುವುದು ಕಡಿಮೆ. ಸೂತ್ರಕ್ಕೂ ವಾಸ್ತವಕ್ಕೂ ನಡುವಿನ ಈ ಅಂತರವೇ ಒಂದು ಪೂರ್ಣ ಪಾಠ.

“ಇದು ಅಂಗಡಿಯವರು ನೋಡಿಕೊಳ್ಳುವ ವಿಷಯ, ಬಿ.ಎಡ್.ನದಲ್ಲ” ಎಂದು ಸಹೋದ್ಯೋಗಿಗಳು ಹೇಳಬಹುದು. ಆದರೆ ತಂತ್ರಜ್ಞಾನ ಆಧಾರಿತ ಪಾಠ ಬೇಕೆಂದು ಕೇಳಿ ಅಂಕ ಕೊಡುವವರು ನಾವು. ಅದನ್ನು ಯಾವ ಮನೆಯಲ್ಲಿ, ಯಾವ ವಿದ್ಯುತ್ತಿನಲ್ಲಿ ಸಿದ್ಧಪಡಿಸುತ್ತಾರೆಂದು ಕೇಳದೆ ಅಂಕ ಕಳೆಯುವುದು ನ್ಯಾಯವಲ್ಲ.

ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೆ. ಕಂಪ್ಯೂಟರ್‌ಗೆ ಹೊಸ ಭಾಗ ಹಾಕಿಸುವ ಮುನ್ನ ಯುಪಿಎಸ್‌ನ ವ್ಯಾಟ್ ಓದಿ. ಒಟ್ಟು ಹೊರೆಗಿಂತ ಕಾಲು ಭಾಗವಾದರೂ ಹೆಚ್ಚಿರಲಿ. ಲೇಸರ್ ಪ್ರಿಂಟರನ್ನು ಅದಕ್ಕೆ ಜೋಡಿಸಬೇಡಿ. ಬ್ಯಾಟರಿ ಕೊಡುವ ನಿಮಿಷಗಳು ಕೆಲಸ ಮುಂದುವರಿಸಲಿಕ್ಕಲ್ಲ, ಕಡತ ಉಳಿಸಿ ಯಂತ್ರ ಮುಚ್ಚಲಿಕ್ಕೆ. ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇರಲಿ. ಪಾಠಯೋಜನೆಯಲ್ಲಿ ‘ಕರೆಂಟ್ ಇಲ್ಲದಿದ್ದರೆ’ ಎಂಬ ಒಂದು ಸಾಲೂ ಇರಲಿ.

ಅಂದು ಆಕೆ ಸೀಮೆಸುಣ್ಣ ಹಿಡಿದು ಪಾಠ ಮುಗಿಸಿದ್ದರು, ಚೆನ್ನಾಗಿಯೇ. ಅದನ್ನು ನಾನು ಬರೆದಿರಲಿಲ್ಲ. ಈಗ ವೀಕ್ಷಣಾ ಪುಸ್ತಕವನ್ನು ತಿದ್ದಿ ಸಹಿ ಹಾಕಿದ್ದೇನೆ.